ಕಲ್ಲು ಹೇಳಿದಂತೆ ಉಳಿ

ಡಿಸೆಂಬರ್ ಬಂತೆಂದರೆ ಮೈಸೂರು ಸೀಮೆಯ ದೇವಾಲಯಗಳ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ನಂಜನಗೂಡಿನಲ್ಲಿ ಬೆಳಗಿನ ದರ್ಶನ, ಟಿ.ನರಸೀಪುರದ ಸಂಗಮದ ದಡದಲ್ಲಿ ಪುಳಿಯೋಗರೆ ಬುತ್ತಿ, ಸೋಮನಾಥಪುರದಲ್ಲಿ ಗುಂಪು ಫೋಟೊ, ತಲಕಾಡಿನ ಮರಳಿನಲ್ಲಿ ಓಟ. ಅಷ್ಟರಲ್ಲಿ ಸಂಜೆಯಾಗಿರುತ್ತದೆ. ಮನೆಗೆ ಬಂದ ಮಕ್ಕಳನ್ನು ‘ಏನೇನು ನೋಡಿದ್ರೋ?’ ಎಂದು ಕೇಳಿದರೆ ‘ನಾಲ್ಕು ದೇವಸ್ಥಾನ’ ಎಂಬ ಉತ್ತರ ಬರುತ್ತದೆ.

ಈ ದೇವಸ್ಥಾನಗಳನ್ನೆಲ್ಲ ಒಂದೇ ಬಗೆಯ ಕಲ್ಲಿನಿಂದ ಕಟ್ಟಿಲ್ಲ ಎಂಬುದನ್ನು ಗಮನಿಸುವವರು ಕಡಿಮೆ. ಒಂದು ಕಡೆ ಕಬ್ಬಿಣಕ್ಕೂ ಬಗ್ಗದ ಕಲ್ಲು. ಇನ್ನೊಂದು ಕಡೆ ಉಗುರಿಗೂ ಸೋಲುವಂಥ ಖನಿಜ ಬೆರೆತ ಕಲ್ಲು. ಕಲ್ಲು ಬದಲಾದಂತೆ ಉಳಿ ಬದಲಾಗಿದೆ, ಏಟು ಹಾಕುವ ರೀತಿ ಬದಲಾಗಿದೆ, ಕೊನೆಗೆ ಶಿಲ್ಪದ ರೂಪವೇ ಬದಲಾಗಿದೆ. ಪಠ್ಯಪುಸ್ತಕದಲ್ಲಿ ಓದುವ ಕಾಠಿಣ್ಯ, ಒತ್ತಡ, ಘರ್ಷಣೆಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಈ ಹಾದಿಯನ್ನು ಒಮ್ಮೆ ನಿಧಾನವಾಗಿ ಕ್ರಮಿಸಬೇಕು.

ಗಟ್ಟಿಕಲ್ಲಿನ ಊರು

ಮೈಸೂರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಕಪಿಲಾ ನದಿಯ ದಡದಲ್ಲಿ ನಂಜನಗೂಡು ಇದೆ. ಊರು ಹತ್ತಿರವಾಗುತ್ತಿದ್ದಂತೆ ಕಾಣುವ ಹಳೆಯ ಕಲ್ಲಿನ ಸೇತುವೆ 1735ರದು. ಮೈಸೂರಿನ ದಳವಾಯಿ ದೇವರಾಜಯ್ಯ ಕಟ್ಟಿಸಿದ ಈ ಸೇತುವೆಯ ಮೇಲೆ ಎತ್ತಿನ ಗಾಡಿ, ಬಸ್ಸು, ಕೊನೆಗೆ ರೈಲೂ ಓಡಿತು. ಹೊಸ ಸೇತುವೆಗಳು ಬಂದ ಮೇಲೆ ಅದಕ್ಕೆ ವಿಶ್ರಾಂತಿ ಸಿಕ್ಕಿದೆ.

ಶ್ರೀಕಂಠೇಶ್ವರನ ದೇವಾಲಯ ರಾಜ್ಯದ ದೊಡ್ಡ ದೇವಾಲಯಗಳಲ್ಲಿ ಒಂದು. ಉದ್ದ 385 ಅಡಿ, ಅಗಲ 160 ಅಡಿ, ಒಳಗೆ 147 ಕಂಬಗಳು. ಏಳು ಅಂತಸ್ತಿನ, 120 ಅಡಿ ಎತ್ತರದ ರಾಜಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದರು. ಗೋಪುರ ನೋಡಲು ತಲೆ ಎತ್ತಿದವರು ಕಂಬಗಳನ್ನು ನೋಡಲು ಮರೆಯುತ್ತಾರೆ. ಕಂಬದ ಹತ್ತಿರ ನಿಂತು ಓರೆಯಾಗಿ ಬೆಳಕು ಬೀಳುವ ಕಡೆ ನೋಡಿದರೆ ಕಲ್ಲಿನಲ್ಲಿ ಮೂರು ಬಗೆಯ ಕಣಗಳು ಕಾಣುತ್ತವೆ. ಗಾಜಿನಂತೆ ಹೊಳೆಯುವುದು ಬೆಣಚು, ಅಂದರೆ ಸ್ಫಟಿಕ. ಬಿಳಿ ಅಥವಾ ತಿಳಿಗೆಂಪಿನದು ಫೆಲ್ಡ್‌ಸ್ಪಾರ್. ಅಲ್ಲಲ್ಲಿ ಮಿನುಗುವ ಕಪ್ಪು ಹರಳು ಕಾಗೆಬಂಗಾರ, ಅಂದರೆ ಅಭ್ರಕ. ಇವು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಾಗ ಆಗುವುದೇ ಗ್ರಾನೈಟು, ಕನ್ನಡದಲ್ಲಿ ಕಣಶಿಲೆ.

ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜವಿಜ್ಞಾನಿ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕಪಟ್ಟಿ ಮಾಡಿದ. ಯಾವುದು ಯಾವುದರ ಮೇಲೆ ಗೀರು ಹಾಕಬಲ್ಲದು ಎಂಬುದೇ ಅಲ್ಲಿನ ಪರೀಕ್ಷೆ. ವಜ್ರಕ್ಕೆ 10, ಬೆಣಚಿಗೆ 7, ಫೆಲ್ಡ್‌ಸ್ಪಾರಿಗೆ 6. ಸಾಮಾನ್ಯ ಕಬ್ಬಿಣದ ಮೊಳೆಗೆ ಐದೂವರೆಯ ಆಸುಪಾಸು. ಹದ ಹಾಕಿದ ಉಕ್ಕಿಗೂ ಏಳು ಸಿಗುವುದಿಲ್ಲ. ಹಾಗಾದರೆ ತನಗಿಂತ ಗಟ್ಟಿಯಾದ ಬೆಣಚನ್ನು ಉಕ್ಕಿನ ಉಳಿ ಕೆತ್ತಿದ್ದಾದರೂ ಹೇಗೆ?

ಉತ್ತರ: ಅದು ಕೊರೆಯಲಿಲ್ಲ, ಪುಡಿ ಮಾಡಿತು. ಗ್ರಾನೈಟಿಗೆ ಬಳಸುವ ಉಳಿ ದಪ್ಪ ಮೈಯ, ಚೂಪು ಮೂತಿಯ ಸಲಾಕೆ. ಹಳ್ಳಿಗಳಲ್ಲಿ ಇದನ್ನು ಚಾಣ ಎನ್ನುತ್ತಾರೆ. ಸುತ್ತಿಗೆಯ ಏಟಿನ ಬಲವೆಲ್ಲ ಆ ಚೂಪಿನ ಮೇಲೆ ಬೀಳುತ್ತದೆ. ಒಂದು ಚದರ ಸೆಂಟಿಮೀಟರಿಗೆ ಹಂಚಿಹೋಗಬೇಕಿದ್ದ ಬಲ ಒಂದು ಚದರ ಮಿಲಿಮೀಟರಿಗೆ ಬಿದ್ದರೆ ಒತ್ತಡ ನೂರು ಪಟ್ಟು. ಕಣಗಳ ನಡುವಿನ ಬೆಸುಗೆ ಅಲ್ಲಿ ಬಿಡುತ್ತದೆ, ಸಾಸಿವೆ ಗಾತ್ರದ ಚೂರೊಂದು ಹಾರುತ್ತದೆ. ಹೀಗೆ ಲಕ್ಷಾಂತರ ಚೂರುಗಳು ಹಾರಿದ ಮೇಲೆ ಒಂದು ಕಂಬ.

ಹಿಂದೆ ಊರೂರಿಗೆ ಬರುತ್ತಿದ್ದ ಕಲ್ಲುಕುಟಿಗರನ್ನು ಹಿರಿಯರು ನೆನಪಿಸಿಕೊಂಡಾರು. ರುಬ್ಬಿ ರುಬ್ಬಿ ನುಣುಪಾದ ಒರಳಿಗೆ, ಬೀಸುವ ಕಲ್ಲಿಗೆ ಚಾಣದಿಂದ ಚುಕ್ಕೆ ಚುಕ್ಕೆಯಾಗಿ ಏಟು ಹಾಕಿ ಮತ್ತೆ ತರಿ ಮಾಡಿಕೊಟ್ಟು ಹೋಗುತ್ತಿದ್ದರು. ದೇವಾಲಯದ ಕಂಬ ಕೆತ್ತಿದ ವಿದ್ಯೆಯೂ ಅದೇ.

ಇಂಥ ಕಲ್ಲಿನಲ್ಲಿ ತೆಳುವಾದ ಬಳ್ಳಿಯನ್ನೋ ಉಗುರಿನಷ್ಟು ಸಣ್ಣ ಆಭರಣವನ್ನೋ ಬಿಡಿಸಹೊರಟರೆ ಪಕ್ಕದ ಕಣವೂ ಜೊತೆಗೆ ಕಿತ್ತು ಬರುವ ಭಯ. ಅದರಿಂದಲೇ ಗ್ರಾನೈಟಿನ ಶಿಲ್ಪಗಳಲ್ಲಿ ಸಾಮಾನ್ಯವಾಗಿ ದುಂಡನೆಯ ಮೈ, ಅಗಲವಾದ ಪಟ್ಟಿಗಳು, ಸರಳ ರೇಖೆಗಳು ಹೆಚ್ಚು. ಚಾಮುಂಡಿ ಬೆಟ್ಟದಲ್ಲಿ 1659ರಲ್ಲಿ ದೊಡ್ಡ ದೇವರಾಜ ಒಡೆಯರು ಕೆತ್ತಿಸಿದ ನಂದಿಯ ಮೈಯನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ.

ಬೆಣೆ, ಕುಲುಮೆ, ಕಿವಿ

ಶಿಲ್ಪಿಯ ಕೆಲಸ ಉಳಿಯಿಂದ ಶುರುವಾಗುವುದಿಲ್ಲ, ಕಿವಿಯಿಂದ ಶುರುವಾಗುತ್ತದೆ. ಕಲ್ಲನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಒಳಗೆ ಬಿರುಕಿಲ್ಲ. ಬಿರುಕಿದ್ದರೆ ಕಂಪನ ಅಲ್ಲೇ ತಡೆದು ‘ಡಬ್’ ಎಂಬ ಮಂದ ಸದ್ದು ಬರುತ್ತದೆ. ಶಿಲ್ಪಶಾಸ್ತ್ರದ ಗ್ರಂಥಗಳು ನಾದವನ್ನು ಆಧರಿಸಿ ಕಲ್ಲನ್ನು ಪುರುಷ ಶಿಲೆ, ಸ್ತ್ರೀ ಶಿಲೆ, ನಪುಂಸಕ ಶಿಲೆ ಎಂದು ವಿಂಗಡಿಸಿದವು. ಒಡೆದ ಮಡಕೆಯನ್ನು ಬೆರಳಿನಿಂದ ತಟ್ಟಿ ತಿಳಿಯುವ ಗೃಹಿಣಿಯ ವಿಜ್ಞಾನವೂ ಇದೇ. ಇನ್ನೊಂದು ಉಪಾಯ, ಕಲ್ಲಿಗೆ ನೀರು ಹಾಕಿ ಒಣಗಲು ಬಿಡುವುದು. ಮೇಲ್ಮೈ ಒಣಗಿದರೂ ಬಿರುಕಿನ ಸೀಳು ಒದ್ದೆಯಾಗಿಯೇ ಗೆರೆಯಂತೆ ಉಳಿಯುತ್ತದೆ.

ಬಂಡೆಯಿಂದ ಕಲ್ಲು ಬಿಡಿಸಲು ಬೆಣೆ ಬೇಕು. ಒಂದೇ ನೇರದಲ್ಲಿ ಕೆಲವು ಬೆರಳು ಅಂತರಕ್ಕೊಂದರಂತೆ ಗುಳಿ ತೋಡಿ, ಬೆಣೆ ಇಟ್ಟು, ಸರದಿಯ ಪ್ರಕಾರ ಒಂದೊಂದಕ್ಕೂ ಏಟು ಹಾಕುತ್ತಾರೆ. ಅದುಮಿದರೆ ಅಪಾರ ಭಾರ ತಡೆಯುವ ಕಲ್ಲು, ಎಳೆದು ಬಿಡಿಸಿದರೆ ಅದರ ಹತ್ತನೇ ಒಂದು ಭಾಗದಷ್ಟು ಬಲವನ್ನೂ ತಡೆಯಲಾರದು. ಬೆಣೆ ಮಾಡುವುದು ಅದನ್ನೇ: ಕೆಳಕ್ಕೆ ಬಿದ್ದ ಏಟನ್ನು ಪಕ್ಕಕ್ಕೆ ತಿರುಗಿಸಿ ಕಲ್ಲನ್ನು ಎರಡೂ ಕಡೆ ಎಳೆಯುತ್ತದೆ. ಹಳೆಯ ಬಂಡೆಗಳ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಕಾಣುವ ಗುಳಿಗಳು ಈ ಕೆಲಸದ ಗುರುತು.

ಗ್ರಾನೈಟಿನ ಮುಂದೆ ಉಳಿಯ ಮೂತಿ ಬೇಗ ಮೊಂಡಾಗುತ್ತದೆ. ಹೀಗಾಗಿ ಕಲ್ಲಿನ ಕೆಲಸ ನಡೆಯುವಲ್ಲಿ ಕುಲುಮೆಯೂ ಇರಬೇಕು. ಉಳಿಯ ತುದಿಯನ್ನು ಕೆಂಪಗೆ ಕಾಯಿಸಿ, ಬಡಿದು ಚೂಪು ಮಾಡಿ, ತುದಿಯನ್ನಷ್ಟೇ ನೀರಿಗೆ ಅದ್ದಿ ತೆಗೆಯುತ್ತಾರೆ. ಆಗ ತುದಿ ಬಹಳ ಗಡಸು, ಆದರೆ ಗಾಜಿನಂತೆ ಪೆಡಸು. ಮೊದಲ ಏಟಿಗೇ ಮುರಿದೀತು. ಮೇಲಿನ ಭಾಗದಲ್ಲಿ ಉಳಿದ ಶಾಖ ನಿಧಾನವಾಗಿ ತುದಿಗೆ ಇಳಿಯುವಾಗ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಸರಿದು ಹೋಗುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಹಳದಿ ಎಂದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್, ನೀಲಿ ಎಂದರೆ ಸುಮಾರು 300. ತನ್ನ ಕಲ್ಲಿಗೆ ಬೇಕಾದ ಬಣ್ಣ ತುದಿಗೆ ಬಂದ ಕ್ಷಣ ಮತ್ತೆ ನೀರಿಗೆ ಅದ್ದಿದರೆ ಹದ ನಿಲ್ಲುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಕಮ್ಮಾರನ ಕಣ್ಣೇ ಉಷ್ಣಮಾಪಕ. ಏಟು ಬೀಳುವ ತಲೆಯ ಭಾಗಕ್ಕೆ ಮಾತ್ರ ಹದ ಹಾಕುವುದಿಲ್ಲ. ಅದು ಮೆತ್ತಗಿದ್ದರೆ ಚಪ್ಪಟೆಯಾಗುತ್ತದೆ, ಗಡಸಾದರೆ ಸಿಡಿದು ಕಣ್ಣಿಗೆ ಹಾರುತ್ತದೆ.

ಗುಲಗಂಜಿಯ ಊರಿನಲ್ಲಿ ಅಳತೆಯ ಮಾತು

ನಂಜನಗೂಡಿನಲ್ಲಿ ಕಂಡ ಕಪಿಲೆ ಟಿ.ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಇದನ್ನು ತ್ರಿವೇಣಿ ಸಂಗಮವೆನ್ನುತ್ತಾರೆ. 1989ರಿಂದ ಇಲ್ಲಿ ಕುಂಭಮೇಳವೂ ನಡೆಯುತ್ತಿದೆ. ದಡದ ಗುಂಜಾ ನರಸಿಂಹಸ್ವಾಮಿ ದೇವಾಲಯದ ಹೆಸರಿನಲ್ಲೇ ತೂಕವಿದೆ. ಗುಂಜಾ ಎಂದರೆ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಊರಿನವರ ನಂಬಿಕೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನ ತೂಗುತ್ತಿದ್ದ ಬೀಜವೇ ಅದು.

ಶಿಲ್ಪಿಯ ಅಳತೆಯೂ ಗುಲಗಂಜಿಯಷ್ಟೇ ಸೂಕ್ಷ್ಮ. ವಿಗ್ರಹದ ಮುಖದ ಉದ್ದ ಒಂದು ತಾಳ, ಒಂದು ತಾಳಕ್ಕೆ ಹನ್ನೆರಡು ಅಂಗುಲ. ನವತಾಳದ ಮೂರ್ತಿಯೆಂದರೆ 108 ಅಂಗುಲ. ಈ ಅಂಗುಲ ಅಡಿಪಟ್ಟಿಯ ಇಂಚಲ್ಲ; ಆಯಾ ಮೂರ್ತಿಯ ಎತ್ತರವನ್ನೇ ಭಾಗಿಸಿ ಪಡೆದ ಪಾಲು. ಆದ್ದರಿಂದ ಗೇಣುದ್ದದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಪ್ರಮಾಣ ಒಂದೇ. ಅನುಪಾತದ ಲೆಕ್ಕವನ್ನು ಬೇಸರದಿಂದ ಮಾಡುವ ಹುಡುಗರಿಗೆ ಇದೊಂದು ಒಳ್ಳೆಯ ಉದಾಹರಣೆ.

ಚೌಕ ಮಾಡಿದ ಕಲ್ಲಿನ ಮೇಲೆ ಕಾವಿಯಲ್ಲಿ ಅದ್ದಿದ ದಾರವನ್ನು ಎಳೆದು ಬಿಟ್ಟರೆ ನೇರ ಗೆರೆ ಮೂಡುತ್ತದೆ. ನಡುಗೆರೆಗೆ ಬ್ರಹ್ಮಸೂತ್ರವೆಂದು ಹೆಸರು. ತೂಗುಗುಂಡು, ಮೂಲೆಮಟ್ಟ, ಕೈವಾರ ಸದಾ ಕೈಗೆ ಸಿಗುವಂತಿರಬೇಕು. ಏಕೆಂದರೆ ಕೆತ್ತಿದಂತೆ ಗೆರೆಗಳು ಅಳಿಸುತ್ತವೆ, ಮತ್ತೆ ಮತ್ತೆ ಹಾಕಬೇಕು. ಮಣ್ಣಿನ ಮೂರ್ತಿಯಲ್ಲಿ ಮೂಗು ಚಿಕ್ಕದಾದರೆ ಇನ್ನಷ್ಟು ಮಣ್ಣು ಮೆತ್ತಬಹುದು. ಕಲ್ಲಿನಲ್ಲಿ ತೆಗೆಯುವುದುಂಟು, ಸೇರಿಸುವುದಿಲ್ಲ. ಅದಕ್ಕೇ ಮೂಗಿನ ತುದಿಯಂಥ ಉಬ್ಬು ಭಾಗಗಳಲ್ಲಿ ಮೊದಲು ಧಾರಾಳವಾಗಿ ಕಲ್ಲು ಉಳಿಸಿಕೊಳ್ಳುತ್ತಾರೆ. ಅಂಚಿನ ಹತ್ತಿರ ಏಟು ಯಾವಾಗಲೂ ಹೊರಗಿನಿಂದ ಒಳಕ್ಕೆ. ಒಳಗಿನಿಂದ ಹೊರಕ್ಕೆ ಹೊಡೆದರೆ ಮೂಲೆಯೇ ಹಾರಿಹೋಗುತ್ತದೆ. ಕಣ್ಣು ಬಿಡಿಸುವುದು ಎಲ್ಲಕ್ಕಿಂತ ಕೊನೆಗೆ.

ಬಳಪದ ಕಲ್ಲಿನ ಬೆರಗು

ಟಿ.ನರಸೀಪುರದಿಂದ ಬನ್ನೂರಿನ ಕಡೆಗೆ ಹೋಗುವ ದಾರಿಯಲ್ಲಿ ಸೋಮನಾಥಪುರ. ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಇಲ್ಲಿದೆ. ಬೇಲೂರು, ಹಳೇಬೀಡಿನೊಡನೆ ಇದು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬೆಳಿಗ್ಗೆ ನಂಜನಗೂಡಿನ ಕಂಬ ನೋಡಿ ಬಂದವರಿಗೆ ಇಲ್ಲಿ ಬೇರೆಯೇ ಲೋಕ. ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ – ಪಟ್ಟಿಯ ಮೇಲೆ ಪಟ್ಟಿ. ಅವುಗಳ ಮೇಲೆ ಸಾಲುಸಾಲು ದೇವತೆಗಳು. ಹೊರಗೋಡೆಯ ದೊಡ್ಡ ವಿಗ್ರಹಗಳು 194 ಎಂದು ಆರ್. ನರಸಿಂಹಾಚಾರ್ಯರು ಎಣಿಸಿದ್ದಾರೆ. ಕೊರಳ ಹಾರ ಎದೆಗೆ ಅಂಟಿಕೊಂಡಿಲ್ಲ. ಹಿಂದೆ ನೆರಳು ಬೀಳುವಷ್ಟು ಬಿಡಿಸಿದ್ದಾರೆ. ಒಳಗಿನ ಛಾವಣಿಗಳಲ್ಲಿ ಬಾಳೆಯ ಹೂವು ತಲೆಕೆಳಗಾಗಿ ತೂಗುತ್ತದೆ.

ಇದರ ಗುಟ್ಟು ಕಲ್ಲಿನಲ್ಲಿದೆ. ಇದು ಕ್ಲೋರೈಟ್ ಖನಿಜ ಹೆಚ್ಚಾಗಿರುವ ಪದರಶಿಲೆ, ಜನ ಹೇಳುವ ಬಳಪದ ಕಲ್ಲು. ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದ ಬಳಪವೂ ಇದರ ಬಂಧುವೇ. ಮೋಸ್ ಪಟ್ಟಿಯಲ್ಲಿ ಟಾಲ್ಕ್‌ಗೆ 1, ಕ್ಲೋರೈಟಿಗೆ ಎರಡು ಎರಡೂವರೆ. ಇಲ್ಲಿ ಉಕ್ಕಿಗೇ ಮೇಲುಗೈ. ಚೂಪು ಚಾಣದ ಬದಲು ಚಪ್ಪಟೆ ಉಳಿ, ಭಾರಿ ಸುತ್ತಿಗೆಯ ಬದಲು ಹಗುರ ಸುತ್ತಿಗೆ, ಮರದ ಕೊಡತಿ. ಉಳಿಯನ್ನು ಓರೆಯಾಗಿ ಹಿಡಿದರೆ ಬಡಗಿ ಮರವನ್ನು ಹೆರೆದಂತೆ ಕಲ್ಲು ಹೆರೆದು ಬರುತ್ತದೆ. ನವರಂಗದ ಕಂಬಗಳಲ್ಲಿ ಬಳೆ ತೊಡಿಸಿದಂತೆ ಕಾಣುವ ಸುತ್ತುಗೆರೆಗಳು ಕಲ್ಲನ್ನು ತಿರುಗಿಸಿ ಕಡೆದುದರ ಫಲ. ಗಣಿಯಿಂದ ತೆಗೆದ ಹೊಸತರಲ್ಲಿ ಈ ಕಲ್ಲು ಮೆದು, ಗಾಳಿಗೆ ಒಣಗಿದಂತೆ ಬಿಗಿಯಾಗುತ್ತದೆ ಎಂಬುದು ಶಿಲ್ಪಿಗಳ ಅನುಭವ.

ಮೆದು ಕಲ್ಲಾದ ಮಾತ್ರಕ್ಕೆ ಕೆಲಸ ಹಗುರವಲ್ಲ. ಸುಲಭವಾಗಿ ಬರುವ ಕಲ್ಲು ತಪ್ಪನ್ನೂ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಕೈ ಕೊಂಚ ಜಾರಿದರೆ ಬೆರಳೇ ಹೋಯಿತು. ಈ ಕೆಲಸದ ಹೆಮ್ಮೆ ಗೊತ್ತಿದ್ದವರು ವಿಗ್ರಹಗಳ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಹೆಚ್ಚು ಕಾಣುವ ಹೆಸರು ಮಲ್ಲಿತಮ್ಮನದು, ಸುಮಾರು 40 ಕಡೆ. ಕೆಲವೆಡೆ ‘ಮಲ್ಲಿ’ ಎಂದಷ್ಟೇ, ಇನ್ನು ಕೆಲವೆಡೆ ಬರೀ ‘ಮ’. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ದೇವಾಲಯದಲ್ಲೂ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಇಬ್ಬರೂ ಒಬ್ಬನೇ ಆಗಿದ್ದರೆ ಆತ ಉಳಿ ಹಿಡಿದು ಅರವತ್ತು ವರ್ಷಕ್ಕೂ ಹೆಚ್ಚು ದುಡಿದಿರಬೇಕು.

ಮರಳಿನ ಊರಿನ ಪಾಠ

ಗ್ರಾನೈಟೆಂದರೆ ಒರಟು, ಬಳಪದ ಕಲ್ಲೆಂದರೆ ನಯ ಎಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ತಲಕಾಡು ಎದುರಾಗುತ್ತದೆ. ಟಿ.ನರಸೀಪುರ ತಾಲ್ಲೂಕಿನದೇ ಈ ಊರಿನ ವೈದ್ಯೇಶ್ವರ ದೇವಾಲಯ ಗ್ರಾನೈಟಿನದು. ಆದರೂ ಅದರ ದ್ವಾರಪಾಲಕರ ಮೈಮೇಲಿನ ಕೆಲಸದಲ್ಲಿ ಬಿಡುವಿಲ್ಲ. ಕಲ್ಲು ಬೇಡವೆಂದದ್ದನ್ನೂ ತಾಳ್ಮೆಯಿಂದ ಮಾಡಿಸಿಕೊಳ್ಳಬಹುದು ಎಂಬುದಕ್ಕೆ ಇದು ಸಾಕ್ಷಿ. ಬೆಲೆ ಮಾತ್ರ ಸಮಯದ ರೂಪದಲ್ಲಿ ತೆರಬೇಕು.

ಮಕ್ಕಳು ಓಡಾಡುವ ತಲಕಾಡಿನ ಮರಳೂ ಶಿಲ್ಪಿಯ ಸಲಕರಣೆಯೇ. ಮರಳಿನ ಬಹುಪಾಲು ಬೆಣಚು, ಗಡಸುತನ 7. ಮರಳು, ನೀರು ಹಾಕಿ ಕಲ್ಲಿನಿಂದ ಕಲ್ಲನ್ನು ಉಜ್ಜಿದರೆ ಉಳಿಯ ಗುರುತುಗಳು ಮಾಯವಾಗುತ್ತವೆ. ಇನ್ನೂ ಗಟ್ಟಿ ಬೇಕೆಂದರೆ ಕುರಂದ, ಗಡಸುತನ 9. ಇಂಗ್ಲಿಷಿನ ‘ಕೊರಂಡಂ’ ಎಂಬ ಹೆಸರು ದಕ್ಷಿಣ ಭಾರತದ ಭಾಷೆಯಿಂದಲೇ ಹೋದದ್ದು. ಉಜ್ಜುವಾಗ ದಪ್ಪ ಪುಡಿಯಿಂದ ಆರಂಭಿಸಿ ನುಣ್ಣನೆಯ ಪುಡಿಗೆ ಬರಬೇಕು. ಆಗ ತಾನೆ ಕೆತ್ತಿದ ಕಪ್ಪುಕಲ್ಲು ಬೂದಿಬಣ್ಣಕ್ಕೆ ಕಾಣುವುದು ಒರಟು ಮೈ ಬೆಳಕನ್ನು ಚೆದುರಿಸುವುದರಿಂದ. ನುಣುಪಾದಾಗ ಅಥವಾ ಎಣ್ಣೆ ಬಿದ್ದಾಗ ಚೆದುರುವುದು ತಪ್ಪಿ ಕಪ್ಪು ಎದ್ದು ಬರುತ್ತದೆ. ಗರ್ಭಗುಡಿಯ ಮೂರ್ತಿ ಎಣ್ಣೆ ಮಜ್ಜನದ ನಂತರ ಹೊಳೆಯುವುದು ಈ ಕಾರಣದಿಂದಲೇ.

ಹೊಸ ಉಳಿ, ಹಳೆಯ ದೂಳು

ಈ ವಿದ್ಯೆ ಮೈಸೂರು ಸೀಮೆಯಲ್ಲಿ ನಿಂತುಹೋಗಿಲ್ಲ. ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ನೇತೃತ್ವದ ತಂಡ ಕೆತ್ತಿದ ನೇತಾಜಿ ಸುಭಾಷಚಂದ್ರ ಬೋಸರ 28 ಅಡಿಯ ಪ್ರತಿಮೆ 2022ರ ಸೆಪ್ಟೆಂಬರ್ 8ರಂದು ದೆಹಲಿಯ ಇಂಡಿಯಾ ಗೇಟ್ ಬಳಿ ಅನಾವರಣಗೊಂಡಿತು. ಅದು ತೆಲಂಗಾಣದ ಗ್ರಾನೈಟು. ಅದೇ ಶಿಲ್ಪಿ ಕೆತ್ತಿದ, 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದ 51 ಇಂಚಿನ ಬಾಲರಾಮನ ಮೂರ್ತಿ ಮೈಸೂರು ಸೀಮೆಯ ಕೃಷ್ಣಶಿಲೆಯದು. ಒಂದೇ ಕೈ, ಎರಡು ಕಲ್ಲು.

ನೇತಾಜಿ ಪ್ರತಿಮೆಯ ಲೆಕ್ಕ ನೋಡಿ. ತಂದ ಏಕಶಿಲೆಯ ತೂಕ 280 ಟನ್, ಮುಗಿದ ಪ್ರತಿಮೆ 65 ಟನ್. ಉಳಿದ 215 ಟನ್, ಅಂದರೆ ಮುಕ್ಕಾಲು ಪಾಲಿಗೂ ಹೆಚ್ಚು ಕಲ್ಲು, ತುಂಡು, ಚಕ್ಕೆ, ದೂಳು. ದೊಡ್ಡ ಕೆಲಸವಿರಲಿ, ಚಿಕ್ಕದಿರಲಿ, ಶಿಲ್ಪದ ಜೊತೆಗೆ ದೂಳು ಹುಟ್ಟಿಯೇ ತೀರುತ್ತದೆ.

ಇಂದು ಶಿಲ್ಪಿಗಳ ಶೆಡ್ಡುಗಳಲ್ಲಿ ವಿದ್ಯುತ್ ಗ್ರೈಂಡರ್, ವಜ್ರದ ಪುಡಿ ಕೂರಿಸಿದ ಕಟಿಂಗ್ ಬ್ಲೇಡು, ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆ, ಟಂಗ್ಸ್ಟನ್ ಕಾರ್ಬೈಡ್ ಮೂತಿಯ ಉಳಿಗಳಿವೆ. ತಿಂಗಳ ಕೆಲಸ ವಾರಕ್ಕೆ ಇಳಿದಿದೆ. ಆದರೆ ಕೈ ಉಳಿಯಿಂದ ಹಾರುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಚಕ್ಕೆ. ಅದು ನೆಲಕ್ಕೆ ಬೀಳುತ್ತಿತ್ತು. ವೇಗವಾಗಿ ತಿರುಗುವ ಬ್ಲೇಡು ಎಬ್ಬಿಸುವುದು ಹಿಟ್ಟಿಗಿಂತ ನುಣ್ಣನೆಯ ಪುಡಿ. ಅದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ ಸಣ್ಣದಾದ ಬೆಣಚಿನ ಕಣಗಳನ್ನು ಮೂಗಿನ ಕೂದಲು ತಡೆಯಲಾರದು. ಅವು ಶ್ವಾಸಕೋಶದ ತಳಕ್ಕಿಳಿದು ಅಲ್ಲಿ ಗಾಯದ ಗಂಟು ಕಟ್ಟುತ್ತವೆ. ಇದೇ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಾಗದ ಕಾಯಿಲೆ. ದೇವಾಲಯಗಳಿಗೆ ಕಲ್ಲು ಕೆತ್ತುವುದಕ್ಕೆ ಹೆಸರಾದ ರಾಜಸ್ಥಾನದ ಪಿಂಡವಾಡದಲ್ಲಿ ಇದು ಅನೇಕ ಮನೆಗಳನ್ನು ಹಾಳುಮಾಡಿತು. ಆ ರಾಜ್ಯ 2019ರಲ್ಲಿ ಇದಕ್ಕೆಂದೇ ಒಂದು ನೀತಿ ತರಬೇಕಾಯಿತು. ಬಳಪದ ಕಲ್ಲಿನಲ್ಲಿ ಬೆಣಚು ಕಡಿಮೆ ಎಂದು ನೆಮ್ಮದಿಯಾಗಿರುವಂತಿಲ್ಲ. ಟಾಲ್ಕಿನ ದೂಳೂ ವರ್ಷಗಟ್ಟಲೆ ಸೇವಿಸಿದರೆ ಶ್ವಾಸಕೋಶಕ್ಕೆ ಕೇಡು.

ತಡೆಯುವ ದಾರಿ ಕಷ್ಟದ್ದಲ್ಲ. ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ಹರಿಯಬೇಕು. ಗಾಳಿಗೆ ಬೆನ್ನು ಮಾಡಿ ಕೂರಬೇಕು. ಮುಖಕ್ಕೆ ಕಟ್ಟಿಕೊಳ್ಳುವ ವಸ್ತ್ರ ಈ ಕಣಗಳಿಗೆ ತಡೆಯಲ್ಲ. ಎನ್-95 ಬಗೆಯ ಮುಖಗವಸು, ಕಣ್ಣಿಗೆ ಕನ್ನಡಕ ಬೇಕು. ಶೆಡ್ಡನ್ನು ಒಣಪೊರಕೆಯಿಂದ ಗುಡಿಸದೆ ನೀರು ಚಿಮುಕಿಸಿ ಗುಡಿಸಬೇಕು. ಕೆಲಸದ ಬಟ್ಟೆಯನ್ನು ಮನೆಯಲ್ಲಿ, ಮಕ್ಕಳೆದುರು ಕೊಡವಬಾರದು. ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸಬೇಕು.

ಮಗ ಶಿಲ್ಪ ಕಲಿಯುತ್ತೇನೆ ಎಂದಾಗ ಹೊಟ್ಟೆಪಾಡಿನ ಬಗ್ಗೆ ಯೋಚಿಸುವ ತಂದೆತಾಯಿಗಳು ಈ ಪ್ರಶ್ನೆಯನ್ನೂ ಕೇಳಬೇಕು: ಕಲಿಸುವಲ್ಲಿ ನೀರು ಹರಿಯುತ್ತದೆಯೇ, ಮುಖಗವಸು ಕೊಡುತ್ತಾರೆಯೇ? ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಕಾರ್ಕಳ ಬಳಿಯ ಮಿಯ್ಯಾರಿನ ಕುಶಲಕರ್ಮಿ ತರಬೇತಿ ಸಂಸ್ಥೆಯಲ್ಲಿ ಶಿಲ್ಪವನ್ನು ಕ್ರಮವಾಗಿ ಕಲಿಯಬಹುದು. ವಿದ್ಯೆಗೆ ಕಣ್ಣು, ಕೈ ಎಷ್ಟು ಮುಖ್ಯವೋ ಉಸಿರೂ ಅಷ್ಟೇ ಮುಖ್ಯ.

ನೋಡಲು ಹೋಗುವವರಿಗೆ

ಮೈಸೂರಿನಿಂದ ನಂಜನಗೂಡಿಗೆ ರೈಲು, ಬಸ್ಸು ಎರಡೂ ಉಂಟು. ಅಲ್ಲಿಂದ ಟಿ.ನರಸೀಪುರಕ್ಕೆ, ಮುಂದೆ ಸೋಮನಾಥಪುರ, ತಲಕಾಡಿಗೆ ಬಸ್ಸಿನಲ್ಲಿ ಹೋಗಬಹುದು. ಮೈಸೂರಿನಿಂದ ಸೋಮನಾಥಪುರಕ್ಕೆ ನೇರವಾಗಿ ಸುಮಾರು 35 ಕಿಲೋಮೀಟರ್. ಹೊರಡುವ ಮುನ್ನ ಮಕ್ಕಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಬಳಪ, ಒಂದು ಗ್ರಾನೈಟಿನ ಚೂರು, ಒಂದು ಕಬ್ಬಿಣದ ಮೊಳೆ. ಬಳಪದ ಮೇಲೆ ಮೊಳೆ ಗೀರುತ್ತದೆ. ಗ್ರಾನೈಟಿನ ಬೆಣಚಿನ ಮೇಲೆ ಮೊಳೆಯೇ ಸವೆದು ಬೂದು ಗೆರೆ ಬಿಡುತ್ತದೆ. ದೇವಾಲಯದ ಶಿಲ್ಪಗಳ ಮೇಲೆ ಮಾತ್ರ ಈ ಪರೀಕ್ಷೆ ಬೇಡ. ಕೈಯ ಜಿಡ್ಡು ಕೂಡ ಆ ಕಲ್ಲಿಗೆ ಒಳ್ಳೆಯದಲ್ಲ.

ಸೋಮನಾಥಪುರದ ಪೀಠಗಳಲ್ಲಿ ‘ಮ’ ಅಕ್ಷರವನ್ನು ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ. ನಂಜನಗೂಡಿನ 147 ಕಂಬಗಳನ್ನು ಕಡಿದವರನ್ನು ಹೆಸರು ಹಿಡಿದು ನೆನೆಯುವವರಿಲ್ಲ. ಆದರೆ ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕಂಬದ ಮೂಲೆಯಲ್ಲಿ, ಉಜ್ಜಲು ಬಿಟ್ಟುಹೋದ ಕಡೆ, ಚುಕ್ಕೆ ಚುಕ್ಕೆಯಾಗಿ ಉಳಿಯ ಏಟುಗಳು ಕಾಣುತ್ತವೆ. ಅವರು ಬಿಟ್ಟುಹೋದ ಸಹಿ ಅದು.